ಗುರುಲಿಂಗಮ್ಮನ ತಂಬಿಗೆ ನೀರು

ಹೊಳೆಸಂಗಾವಿಯಲ್ಲಿ ಗುರುಲಿಂಗಮ್ಮನ ಮನೆಯ ಮುಂದೆ ಹಾದು, ನೀರು ಕುಡಿಯದೆ ಮುಂದೆ ಹೋದವರು ಯಾರಾದರೂ ಇದ್ದರೆ, ಆಕೆ ಎಮ್ಮೆ ಹಿಂಡಲು ಹಿತ್ತಲಿಗೆ ಹೋದ ಹೊತ್ತು ನೋಡಿ ಹಾದಿರಬೇಕು. ಟಪಾಲಿನವನು, ಗಣತಿಗೆ ಬಂದ ಮಾಸ್ತರ, ಓಟು ಕೇಳಲು ಬಂದ ಎಲ್ಲ ಪಾರ್ಟಿಯವರು, ದಾರಿ ತಪ್ಪಿದ ಸಿಮೆಂಟ್ ಲಾರಿಯ ಡ್ರೈವರ್, ಇವರೆಲ್ಲ ಆ ಕಟ್ಟೆಯ ಮೇಲೆ ಕೂತು ಒಂದು ತಂಬಿಗೆ ನೀರು ಮುಗಿಸಿಯೇ ಎದ್ದವರು. ಮನೆಯ ಮುಂದಿನ ಬೇವಿನ ಟೊಂಗೆ ತಂತಿಗೆ ತಾಗುತ್ತದೆಂದು ಕಡಿಯಲು ಬಂದ ಲೈನ್‌ಮನ್‌ಗೂ ಆಕೆ ಮೊದಲು ನೀರು, ಒಂದು ಚೂರು ಬೆಲ್ಲ ಕೊಟ್ಟು, ಆಮೇಲೆ ಬೈದಳು. ಬೈಗುಳ ಮುಗಿಯುವ ಹೊತ್ತಿಗೆ ಅವನು ಮರ ಹತ್ತುವ ವಿಚಾರ ಬಿಟ್ಟಿದ್ದ. ಆ ಟೊಂಗೆ ಇವತ್ತಿಗೂ ಇದೆ.

ನಾನು ಆಕೆಯನ್ನು ಅವ್ವಾ ಎನ್ನುತ್ತೇನೆ. ಎದುರಿಗೆ ‘ರಿ’ ಹಚ್ಚಿಯೇ ಮಾತಾಡುತ್ತೇನೆ, ಆದರೆ ಬರೆಯಲು ಕೂತರೆ ಹೆತ್ತವ್ವನ ಹಾಗೆ ಏಕವಚನ ಬಂದುಬಿಡುತ್ತದೆ. ತಿದ್ದಲು ಹೋಗುವುದಿಲ್ಲ.

ಹೊಳೆಸಂಗಾವಿ ಶಹಾಬಾದಿನಿಂದ ಟಂಟಂ ಆಟೋ ಹತ್ತಿದರೆ ಮೈಯ ಎಲುಬೆಲ್ಲ ಸಡಿಲಾಗುವಷ್ಟು ದೂರ. ಚಿಂಚೋಳಿ, ಸೇಡಂ, ಮಳಖೇಡ, ಚಿತ್ತಾಪುರ ಎಂದು ದಾರಿಯ ಊರುಗಳ ಸುಖದುಃಖ ಹೊತ್ತುಕೊಂಡು ಬರುವ ಕಾಗಿಣಾ ಹೊಳೆ ಈ ಊರ ಕೆಳಗೆ ಭೀಮೆಯನ್ನು ಸೇರುತ್ತದೆ. ಸೇರುವ ಜಾಗದಲ್ಲಿ ಒಂದು ದೊಡ್ಡ ಮಡು. ಊರಿಗೆ ಕುಡಿಯುವ ನೀರು ಎತ್ತುವ ಪಂಪು ಇದ್ದದ್ದು ಆ ಮಡುವಿನಲ್ಲೇ. ದಂಡೆ ಹತ್ತಿ ಬಂದರೆ ಮೊದಲು ಸಿಗುವುದು ಗುರುಲಿಂಗಮ್ಮನ ಮನೆ. ಶಹಾಬಾದ ಪರಸಿಕಲ್ಲಿನ ನೆಲ, ತಣ್ಣನೆಯ ಪಡಸಾಲೆ, ಮೂಲೆಯಲ್ಲಿ ರಂಜಣಗಿ. ರಂಜಣಗಿ ಎಂದರೆ ನಮ್ಮ ಕಡೆಯ ಮಣ್ಣಿನ ದೊಡ್ಡ ನೀರಿನ ಪಾತ್ರೆ, ಅದರ ಮುಂದೆ ಫ್ರಿಜ್ಜು ಸುಮ್ಮನೆ. ಗಂಡ ಅಂಬಾರಾಯರು ತೊಗರಿ ಹೊಲ, ಎಮ್ಮೆ, ಬೇಸಿಗೆಯಲ್ಲಿ ಹೊಳೆಯ ಉಸುಕಿನ ಮೇಲೆ ಹಬ್ಬಿಸುವ ಕಲ್ಲಂಗಡಿ ಬಳ್ಳಿ ನೋಡಿಕೊಳ್ಳುತ್ತಾರೆ. ಮಾತಾಡುವ ಕೆಲಸವನ್ನು ಮದುವೆಯಾದ ದಿನವೇ ಹೆಂಡತಿಗೆ ವಹಿಸಿಕೊಟ್ಟಿದ್ದಾರೆ.

ಗುರುಲಿಂಗಮ್ಮ ತಂಬಿಗೆ ಕೈಗಿಡುವಾಗ ಒಂದು ಮಾತು ತಪ್ಪದೆ ಹೇಳುತ್ತಿದ್ದಳು: “ಎರಡ ಹೊಳಿ ಕೂಡಿದ ನೀರರಿ. ಕುಡೀರಿ.” ಆಕೆಯ ಅತ್ತೆಯೂ ಹಾಗೇ ಹೇಳುತ್ತಿದ್ದಳಂತೆ. ವಾಡಿಯಿಂದ ಶಹಾಬಾದಿನವರೆಗೆ ಬೀಗರು ಬಿಜ್ಜರಲ್ಲಿ ಆ ಮನೆಗೆ ‘ಸಂಗಮದ ನೀರಿನ ಮನಿ’ ಎಂದೇ ಹೆಸರು. ಹೆಣ್ಣು ಕೊಡುವವರು ಹೊಲ ಎಷ್ಟಿದೆ ಎಂದು ಕೇಳುವ ಮೊದಲು ಆ ತಂಬಿಗೆ ಮುಗಿಸಿರುತ್ತಿದ್ದರು. ಗುರುಲಿಂಗಮ್ಮನಿಗೆ ಬಂಗಾರದ ಆಸೆ ಇದ್ದದ್ದನ್ನು ನಾನು ಕಂಡಿಲ್ಲ, ಸೀರೆಯ ಹುಚ್ಚು ಸ್ವಲ್ಪ ಇತ್ತು, ಆದರೆ ಈ ನೀರಿನ ಹೆಸರಿನ ಮೇಲೆ ಮಾತ್ರ ಆಕೆಗೆ ಹೇಳಲಾರದಷ್ಟು ಅಭಿಮಾನ.

ಇನ್ನು ನಾನು ಯಾರು ಎಂಬುದನ್ನು ಹೇಳಿಬಿಡುತ್ತೇನೆ. ಹೆಸರು ಕಪಿಲ, ಊರು ವಾಡಿ. ಹೊಳೆಯ ನೀರು ಬಾಟಲಿಯಲ್ಲಿ ಹಿಡಿದು ಪ್ರಯೋಗಶಾಲೆಗೆ ಮುಟ್ಟಿಸುವ ಗುತ್ತಿಗೆ ನೌಕರ. ಯಾವ ಇಲಾಖೆ ಎಂದು ಕೇಳಬೇಡಿ, ನನ್ನ ನೌಕರಿ ಇನ್ನೂ ಇದೆ. ಸಿಟ್ಟು ನನಗೆ ಬೇಗ ಬರುತ್ತದೆ. ಬಿಸಿಲಿನ ಮೇಲೆ ಬರುತ್ತದೆ, ಸಾಹೇಬರ ಮೇಲೆ ಬರುತ್ತದೆ, ನಮ್ಮ ಜೀಪಿನ ಡ್ರೈವರ್ ಶೌಕತ ಅಲಿಯ ಮೇಲಂತೂ ದಿನಕ್ಕೊಂದು ಸಲ ಬಂದು ಹೋಗುತ್ತದೆ. ಗುರುಲಿಂಗಮ್ಮನ ಮೇಲೆ ಮಾತ್ರ ಬರಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಕಾರಣವಿದೆ.

ಮೊದಲ ಸಲ ಆ ಊರಿಗೆ ಹೋದಾಗ ನಾನು ಕಟ್ಟೆಯ ಕೆಳಗೇ ನಿಂತಿದ್ದೆ. ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಇದೆ, ಬಾಬಾಸಾಹೇಬರ ಫೋಟೋ ಇದೆ. ಅಪ್ಪ ಚಂದ್ರಾಮ ಕಲ್ಲಿನ ಖಣಿಯಲ್ಲಿ ದುಡಿದವನು. ಅವನು ಹುಡುಗನಿದ್ದಾಗ ಬೊಗಸೆ ಒಡ್ಡಿ, ಮೇಲಿಂದ ಸುರಿದ ನೀರು ಕುಡಿದದ್ದನ್ನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಇವತ್ತಿಗೂ ಕೆಲವು ಮನೆಗಳಲ್ಲಿ ನೀರಿಗೆ ಮೊದಲು ಹೆಸರು ಕೇಳುತ್ತಾರೆ, ಹೆಸರು ಸಾಲದಿದ್ದರೆ ಅಪ್ಪನ ಹೆಸರು, ಆಮೇಲೆ ಓಣಿ. ನಾನು ಅವರು ಕೇಳುವ ಮೊದಲೇ ಹೇಳಿಬಿಡುವ ಜಾತಿಯವನು, ಸಿಟ್ಟಿಗೆ ಅದೇ ಅನುಕೂಲ. ಹಾಗೆ ಬಾಯಿ ತೆರೆದೆ. ಆಕೆ ತನ್ನ ತಂಬಿಗೆಯನ್ನೇ ಕೈಗೆ ತುರುಕಿದಳು.

“ಮೊದಲ ನೀರ ಕುಡಿ, ತಮ್ಮಾ. ಹೆಸರ ಎಲ್ಲಿ ಓಡಿ ಹೋಗ್ತದ.”

ಕುಡಿದೆ. ಆಮೇಲೆ ಹೆಸರು ಹೇಳಿದೆ, ಓಣಿಯನ್ನೂ ಹೇಳಿದೆ. ಆಕೆ ಹೂಂ ಅಂದು, ರೊಟ್ಟಿಗೆ ಪುಂಡಿ ಪಲ್ಯ ನಡೆಯುತ್ತದೋ ಬದನೆಕಾಯಿ ಬೇಕೋ ಎಂದು ಕೇಳಿದಳು. ಆ ದಿನದಿಂದ ಆ ಮನೆಯಲ್ಲಿ ನನ್ನ ಸಿಟ್ಟು ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ.

ಈಗ ಹೊಳೆಯ ಕಥೆಗೆ ಬರುತ್ತೇನೆ. ಹೊಳೆ ಹೋಗಿ ಸೇರುವ ಜಾಗಕ್ಕೆ ಹೊಳೆಯ ಬಾಯಿ ಎನ್ನುತ್ತೇವೆ, ಅದು ಅದರ ಹೊಟ್ಟೆಯೂ ಹೌದು. ಮೇಲಿನ ಊರುಗಳು ಬಿಟ್ಟದ್ದೆಲ್ಲ ಬಂದು ಕೂಡುವುದು ಅಲ್ಲೇ. ಭೀಮೆಯಲ್ಲಿ ನೀರು ನಿಂತರೆ ಆಕೆ ಕಾಗಿಣೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಕಾಗಿಣೆ ಹಿಂದೆ ಸರಿದು ಮಡುವಿನಲ್ಲಿ ಸುಮ್ಮನೆ ಕೂರುತ್ತದೆ. ಬೇಸಿಗೆಯಲ್ಲಿ ಆ ನಿಂತ ನೀರಿಗೆ ಒಂದು ನಾಲೆ ಬಂದು ಕೂಡುತ್ತದೆ, ಆ ನಾಲೆಗೆ ಒಂದು ಪಟ್ಟಣದ ಕೊಳಚೆ ಬೀಳುತ್ತದೆ. ಪಟ್ಟಣದ ಹೆಸರು ಹೇಳುವುದಿಲ್ಲ, ಸುತ್ತಲಿನ ಎಲ್ಲ ಪಟ್ಟಣಗಳಲ್ಲೂ ನನಗೆ ನೆಂಟರಿದ್ದಾರೆ. ಒಂದು ಬೇಸಿಗೆ ಮಡುವಿನ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಅದೇ ವಾರ ಗುರುಲಿಂಗಮ್ಮನ ಮೊಮ್ಮಗಳು ಐಶ್ವರ್ಯಳಿಗೆ ವಾಂತಿ-ಭೇದಿ ಹತ್ತಿ, ಕಲಬುರಗಿಯ ದವಾಖಾನೆಯಲ್ಲಿ ಮಲಗಿಸಬೇಕಾಯಿತು. ಕೂಸು ಉಳಿಯಿತು. ಅಜ್ಜಿ ಮಾತ್ರ ಸುಮ್ಮನೆ ಕೂರಲಿಲ್ಲ.

ನೀರು ಪರೀಕ್ಷೆ ಮಾಡಿಸಿರಿ ಎಂದು ಆಕೆ ಹತ್ತಿದ ಕಚೇರಿಯ ಮೆಟ್ಟಿಲುಗಳು ಆಕೆಗೇ ಗೊತ್ತು. ಹೋದಲ್ಲೆಲ್ಲ ಕೂಗಾಡುವ ಹೆಂಗಸಲ್ಲ. ಸಾಹೇಬರ ಮುಂದಿನ ಬೆಂಚಿನ ಮೇಲೆ ಕೂತು, ಒಳಗೆ ಬಂದವರಿಗೆಲ್ಲ ‘ಬರ್ರಿ, ಕುಂದ್ರಿ’ ಎನ್ನುತ್ತ, ಕಚೇರಿಯನ್ನೇ ತನ್ನ ಪಡಸಾಲೆ ಮಾಡಿಕೊಳ್ಳುತ್ತಿದ್ದಳು. ಮೂರನೆಯ ದಿನಕ್ಕೆ ಸಿಪಾಯಿ ಆಕೆಯನ್ನೇ ಕೇಳಿ ಚಹಾ ತರಲು ಶುರು ಮಾಡಿದನಂತೆ. ಇದನ್ನು ತಾಳಲಾರದೆ ಇರಬೇಕು, ಕೊನೆಗೆ ಹುಕುಂ ಬಂತು: ಚಂದ್ರಂಪಳ್ಳಿಯ ಕಡೆಯಿಂದ ಹೊಳೆಯ ಬಾಯಿಯವರೆಗೆ ಕಾಗಿಣೆಯ ನೀರನ್ನು ಅಳೆದು, ಎಲ್ಲಿ ಎಷ್ಟು ಅಪಾಯವಿದೆ ಎಂದು ತಿಳಿಸತಕ್ಕದ್ದು.

ಕೆಲಸ ಬಂದದ್ದು ಇಂಜಿನಿಯರ್ ಸಂಗಮೇಶ್ವರ ಸಾಹೇಬರ ಕೈಗೆ. ಒಳ್ಳೆಯ ಮನುಷ್ಯ, ಓದಿಕೊಂಡವರು, ಬಿಸಿಲಲ್ಲಿ ನನ್ನ ಸಮಕ್ಕೆ ನಡೆಯುವವರು. ನಕ್ಷೆಯ ಮೇಲೆ ಬಣ್ಣ ಹಾಕಿ ತೋರಿಸುವುದು ಅವರ ಪದ್ಧತಿ. ನೀರಿಗೆ ದರ್ಜೆಗಳಿವೆ ಎಂದು ಊರವರನ್ನು ಕೂಡಿಸಿ ಅವರೇ ಹೇಳಿದ್ದರು: ತೀರಾ ಕೆಳಗಿನ ದರ್ಜೆಯದು ಹೊಲಕ್ಕೆ ಮಾತ್ರ, ಅದರ ಮೇಲಿನದರಲ್ಲಿ ಮೀನು ಬದುಕಬಹುದು, ಇನ್ನೂ ಮೇಲಿನದು ಸ್ನಾನಕ್ಕೆ, ಎಲ್ಲಕ್ಕಿಂತ ಮೇಲಿನದು ಕುಡಿಯಲು. ಮಡುವಿಗೆ ಕೆಂಪು ಬಣ್ಣ ಬಿದ್ದರೆ ಆ ಕೊಳಚೆ ನಾಲೆಯನ್ನು ತಿರುಗಿಸಿ, ಹತ್ತಿರದ ಹಳೆಯ ಕಲ್ಲಿನ ಖಣಿಯಲ್ಲಿ ನಿಲ್ಲಿಸಿ, ತಿಳಿ ಮಾಡಿ ಬಿಡುವ ಕೆಲಸ ಮಂಜೂರಾಗುತ್ತದೆ. ಹಸಿರು ಬಿದ್ದರೆ ಫೈಲು ಮುಚ್ಚಿತು. ಮಳೆ ಶುರುವಾಗುವ ಮೊದಲು ವರದಿ ಮುಟ್ಟಬೇಕು, ಒಮ್ಮೆ ಹೊಳೆ ತುಂಬಿ ಹರಿದರೆ ಕೊಳೆ ಎಲ್ಲಿ ಹೋಯಿತು ಎಂದು ಯಾರು ಹುಡುಕಬೇಕು.

ಬಾಟಲಿ ತುಂಬುವ ದಿನ ನಸುಕಿಗೇ ಹೊರಟೆವು. ಚಂದ್ರಂಪಳ್ಳಿಯ ನೀರು ಕಣ್ಣಿಗೇ ತಂಪು. ಸೇಡಂ, ಮಳಖೇಡ, ಚಿತ್ತಾಪುರ ಎಂದು ಇಳಿದಂತೆಲ್ಲ ಬಿಸಿಲೂ ಏರಿತು, ಶೌಕತ ಅಲಿಯ ಮಾತೂ ಏರಿತು. ಹೊಳೆದಂಡೆಯಲ್ಲೇ ನೀರಿನ ಗುಣ ತೋರಿಸುವ ಯಂತ್ರವೊಂದು ನಮ್ಮ ಕಚೇರಿಗೆ ಇತ್ತು. ಅದು ದುರಸ್ತಿಗೆಂದು ಹೋಗಿ, ಹೋದಲ್ಲೇ ಸಂಸಾರ ಹೂಡಿತ್ತು. ಹಾಗಾಗಿ ಎಲ್ಲ ಭಾರ ಬಾಟಲಿಯ ಮೇಲೆ, ಬಾಟಲಿಗಳ ಭಾರ ಬರ್ಫಿನ, ಅಂದರೆ ಐಸಿನ, ಡಬ್ಬದ ಮೇಲೆ. ಹೊಳೆಸಂಗಾವಿ ಮುಟ್ಟುವ ಹೊತ್ತಿಗೆ ನೆತ್ತಿಯ ಮೇಲೆ ಸೂರ್ಯ.

ನಾನು ಮಡುವಿಗೆ ಇಳಿದು ಕೊನೆಯ ಬಾಟಲಿ ತುಂಬಿ ಮೇಲೆ ಬಂದರೆ, ಬರ್ಫಿನ ಡಬ್ಬದಲ್ಲಿ ಜಾಗವಿಲ್ಲ. ಗುರುಲಿಂಗಮ್ಮ ಶೌಕತ ಅಲಿಗೆ ಒಂದು ಕಲ್ಲಂಗಡಿ ಕೊಟ್ಟಿದ್ದಳು. ಬಿಸಿ ಹಣ್ಣು ತಿನ್ನುವುದು ಹೇಗೆಂದು ಆ ಮಹಾರಾಯ ಅದನ್ನು ಸರಕಾರಿ ಬರ್ಫಿನ ಮೇಲೆ ಮಲಗಿಸಿದ್ದ. ನಾನು ಬೈದೆ. ಹಣ್ಣು ತಂಪಾದ ಮೇಲೆ ಜಾಗ ತಾನಾಗೇ ಆಗುತ್ತದೆ ಎಂದು ಅವನು ಸಮಾಧಾನ ಹೇಳಿದ. ಅಷ್ಟರಲ್ಲಿ ಒಳಗಿಂದ ಊಟಕ್ಕೆ ಕರೆ ಬಂತು. ಬಾಟಲಿಯನ್ನು ಕಟ್ಟೆಯ ನೆರಳಿಗೆ ಇಟ್ಟು ಒಳಗೆ ಹೋದೆ. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅದಾದ ಮೇಲೆ ಕಲ್ಲಂಗಡಿ. ಬಾಟಲಿಯನ್ನು ಡಬ್ಬಕ್ಕೆ ಹಾಕುವಾಗ ನೀರು ತಿಳಿಯಾಗಿ ಕಂಡಿತು. ಮಣ್ಣು ತಳಕ್ಕೆ ಕೂತಿರಬೇಕು ಎಂದುಕೊಂಡೆ. ಹೊಟ್ಟೆ ತುಂಬಿದವನಿಗೆ ಎಲ್ಲವೂ ತಿಳಿಯಾಗಿಯೇ ಕಾಣುತ್ತದೆ.

ವರದಿ ಬಂತು. ಚಂದ್ರಂಪಳ್ಳಿ ಚೆನ್ನ, ಸೇಡಂ ನಡೆಯುತ್ತದೆ, ಚಿತ್ತಾಪುರ ಸುಮಾರು, ಹೊಳೆಯ ಬಾಯಿ ಎಲ್ಲಕ್ಕಿಂತ ಚೊಕ್ಕ. ಕುಡಿಯಲು ಯೋಗ್ಯ, ಅದೂ ಹಾಗೇ, ಕಾಯಿಸದೆ, ಸೋಸದೆ. ಸಂಗಮೇಶ್ವರ ಸಾಹೇಬರು ನಕ್ಷೆಯ ಮೇಲೆ ಮಡುವಿಗೆ ಹಸಿರು ಬಳಿದು, ಹೊಳೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂದು ಓದಿದ್ದೆ, ಕಣ್ಣಾರೆ ಕಂಡದ್ದು ಇದೇ ಮೊದಲು ಎಂದರು. ನನಗೆ ತಲೆ ಕೆಟ್ಟಿತು. ಆ ಮಡುವಿನಲ್ಲಿ ಮೊಣಕಾಲವರೆಗೆ ಇಳಿದು ಬಂದವನು ನಾನು, ಎರಡು ದಿನ ಕಾಲು ತುರಿಸಿಕೊಂಡಿದ್ದೆ.

ವರದಿಯನ್ನು ಮತ್ತೆ ನೋಡಿದೆ. ನಮ್ಮ ಸೀಮೆ ಸುಣ್ಣದ ಕಲ್ಲಿನ ಸೀಮೆ. ಇಲ್ಲಿ ಹೊಳೆಯ ನೀರಿರಲಿ, ಬಾವಿಯ ನೀರಿರಲಿ, ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪದರು ಹಿಡಿಯುತ್ತದೆ. ಈ ಬಾಟಲಿಯ ನೀರಿನಲ್ಲಿ ಸುಣ್ಣದ ಅಂಶ ಇಲ್ಲವೆಂದರೆ ಇಲ್ಲವೇ ಇಲ್ಲ. ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಹಾಕಿ, ಹೌದಲ್ಲ ಅಂದರು. ಇದು ಹೊಳೆಯ ನೀರೇ ಅಲ್ಲ, ಯಂತ್ರದಲ್ಲಿ ಸೋಸಿದ ನೀರು ಎಂದು ಅವರೇ ಹೇಳಿದರು. ಆದರೆ ಬರೀ ಸಂಶಯಕ್ಕೆ ಮತ್ತೆ ಬಾಟಲಿ ತುಂಬಲು ನಿಯಮವಿಲ್ಲ. ಎಲ್ಲಿ, ಹೇಗೆ ಬದಲಾಯಿತು ಎಂದು ಕಂಡವರು ಯಾರಾದರೂ ಊರ ಸಭೆಯ ಮುಂದೆ ಹೇಳಬೇಕು. ಸಭೆ ಇದ್ದದ್ದು ಬರುವ ಸೋಮವಾರ, ಅದು ಮುಗಿದರೆ ಫೈಲೂ ಮುಗಿಯಿತು.

ಮರುದಿನವೇ ಹೊಳೆಸಂಗಾವಿಗೆ ಹೋದೆ. ಎಂದಿನಂತೆ ತಂಬಿಗೆ ಕೈಗೆ ಬಂತು, ಎರಡು ಹೊಳೆ ಕೂಡಿದ ಮಾತೂ ಬಂತು. ಆ ದಿನ ಕಟ್ಟೆಯ ಮೇಲೆ ಇಟ್ಟ ಬಾಟಲಿಯನ್ನು ಯಾರಾದರೂ ಮುಟ್ಟಿದರೇ ಎಂದು ಕೇಳಿದೆ. ಗುರುಲಿಂಗಮ್ಮ ಅಳುಕಲಿಲ್ಲ, ಮುಖ ಅರಳಿಸಿ ಹೇಳಿದಳು. ಪರೀಕ್ಷೆಯ ಬಾಟಲಿಗಳೆಲ್ಲ ಡಬ್ಬದಲ್ಲಿವೆ, ಹೊರಗಿದ್ದದ್ದು ನಾನು ದಾರಿಯಲ್ಲಿ ಕುಡಿಯಲು ಇಟ್ಟುಕೊಂಡ ನೀರು ಎಂದು ತಿಳಿದಿದ್ದಳು. ಅದರಲ್ಲಿ ಕಸ ತೇಲುತ್ತಿತ್ತು, ಮುಟ್ಟಿದರೆ ಬಿಸಿ. ತನ್ನ ಮನೆಯಲ್ಲಿ ಉಂಡ ಹುಡುಗ ಇದನ್ನು ಕುಡಿದು ವಾಡಿಯವರೆಗೆ ಹೋಗುವುದೇ ಎಂದು, ಚೆಲ್ಲಿ, ಬೂದಿ ಹಾಕಿ ತೊಳೆದು, ರಂಜಣಗಿಯ ತಣ್ಣೀರು ತುಂಬಿ, ಇದ್ದ ಜಾಗದಲ್ಲೇ ಇಟ್ಟಿದ್ದಳು. ಹೇಳುವಾಗ ನಾನು ಹೊಗಳುತ್ತೇನೆ ಎಂದು ಕಾದಂತಿತ್ತು.

ನನಗೆ ನಗು ಬಂತು, ಜೀವವೂ ಹಗುರಾಯಿತು. ಸೋಮವಾರ ಇಷ್ಟನ್ನೇ ಹೇಳಿದರೆ ಸಾಕು ಎಂದೆ. ಅನ್ನುತ್ತಿದ್ದಂತೆಯೇ ಕೈಯಲ್ಲಿದ್ದ ತಂಬಿಗೆ ಕಂಡಿತು. ರಂಜಣಗಿಯ ನೀರು ಹೊಳೆಯದು ಎಂದು ಇಡೀ ಸೀಮೆಗೆ ಗೊತ್ತು. ಬಾಟಲಿಗೆ ರಂಜಣಗಿಯ ನೀರು ಹೋಯಿತೆಂದು ಸಭೆಯಲ್ಲಿ ಹೇಳಿದರೆ, ಹಾಗಾದರೂ ಅದು ಹೊಳೆಯ ನೀರೇ ಆಯಿತಲ್ಲ ಅನ್ನುತ್ತಾರೆ, ಹಸಿರು ಬಣ್ಣ ಮತ್ತಷ್ಟು ಗಟ್ಟಿಯಾಗುತ್ತದೆ. ಅದು ಹೊಳೆಯದಲ್ಲದಿದ್ದರೆ ಈ ಮನೆಯ ಹೆಸರು ಹೋಯಿತು. ನಾನು ತಲೆ ತಗ್ಗಿಸಿಕೊಂಡೇ ಕೇಳಿದೆ.

“ಅವ್ವಾ, ಈ ನೀರಾಗ ಸುಣ್ಣ ಇಲ್ಲಂತ ಪರೀಕ್ಷಾದಾಗ ಬಂದದರಿ. ಇದು ಎಲ್ಲಿ ನೀರರಿ?”

“ಹೊಳಿದಾ, ತಮ್ಮಾ” ಅಂದಳು. ಧ್ವನಿ ಎಂದಿನದಾಗಿರಲಿಲ್ಲ. ಸ್ವಲ್ಪ ಹೊತ್ತು ಸೆರಗಿನ ಅಂಚು ಸುತ್ತಿದಳು, ಬಿಚ್ಚಿದಳು. ಆಮೇಲೆ ಎದ್ದು, ಬಾ ಎಂಬಂತೆ ಕತ್ತು ಹೊರಳಿಸಿ ಹಿತ್ತಲಿಗೆ ನಡೆದಳು. ಎಮ್ಮೆಯ ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿಚೀಲದ ಕೆಳಗೆ, ನೀಲಿ ನೀರಿನ ಡಬ್ಬಿಗಳಿದ್ದವು. ಶಹಾಬಾದಿನ ಫಿಲ್ಟರ್ ನೀರು. ಅಯ್ಯಪ್ಪ ಎಂಬವನು ಟಂಟಂನಲ್ಲಿ ತಂದು, ಹಿಂದಿನ ಓಣಿಯಿಂದ ಸೊಸೆ ರಾಜೇಶ್ವರಿಯ ಕೈಗೆ ಕೊಟ್ಟು ಹೋಗುತ್ತಿದ್ದ.

ಐಶ್ವರ್ಯ ಹಾಸಿಗೆ ಹಿಡಿದ ಬೇಸಿಗೆಯಿಂದ ಆ ಮನೆಯ ಯಾರ ಬಾಯಿಗೂ ಹೊಳೆಯ ನೀರು ಬಿದ್ದಿರಲಿಲ್ಲ. ಕೂಸಿಗೆ ಕೊಡಲಾರದ ನೀರನ್ನು ಬಂದವರಿಗೆ ಹೇಗೆ ಕೊಡಲಿ ಎಂದು ಆಕೆ ಕೇಳಿದಳು. ಬಂದವರಿಗೆ ಡಬ್ಬಿಯ ನೀರು ಕೊಡುತ್ತೇನೆ ಎಂದು ಹೇಳಲಿ ಹೇಗೆ ಎಂದೂ ಕೇಳಿದಳು. ಅತ್ತೆಯ ಕಾಲದಿಂದ ಬಂದ ಮಾತು, ತಂಬಿಗೆ ಹಿಡಿದೊಡನೆ ತಾನಾಗೇ ಬಾಯಿಗೆ ಬರುತ್ತಿತ್ತು. ಹೊಳೆ ಒಮ್ಮೆ ಚೊಕ್ಕವಾಗಿಬಿಟ್ಟರೆ ಆ ಮಾತು ತಾನೇ ಖರೆ ಆಗುತ್ತದೆ ಎಂದು ನಂಬಿ ಕಚೇರಿಗಳ ಮೆಟ್ಟಿಲು ಹತ್ತಿದ್ದಳು. ಕೊನೆಗೆ ನನ್ನ ಮುಖ ನೋಡದೆ ಹೇಳಿದಳು, “ಇದು ಹೊರಗ ಹೋಗೂದ ಬ್ಯಾಡ, ತಮ್ಮಾ.”

ನನ್ನಿಂದ ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಕೊಡದೆ ಏನು ಮಾಡಲಿ. ಹೆಸರು ಕೇಳದೆ ನೀರು ಕೊಟ್ಟವಳ ಹೆಸರನ್ನು ನಾನು ಸಭೆಯಲ್ಲಿ ಕಳೆಯುವುದೇ. ಆದರೆ ಮಡುವಿಗೆ ಹಸಿರು ಬಳಿದರೆ ಊರಿನ ಉಳಿದ ಮನೆಗಳಲ್ಲೂ ಕೂಸುಗಳಿವೆ, ಎಲ್ಲರ ಹಿತ್ತಲಿಗೂ ಅಯ್ಯಪ್ಪನ ಟಂಟಂ ಬರುವುದಿಲ್ಲ. ಅದನ್ನು ಮಾತ್ರ ಆಕೆಗೆ ಹೇಳಿ ಎದ್ದೆ. ದಾರಿಯುದ್ದಕ್ಕೂ ಸಿಟ್ಟು ಬಂತು, ಯಾರ ಮೇಲೆ ಮಾಡಿಕೊಳ್ಳಬೇಕೆಂದು ತಿಳಿಯದೆ ಶೌಕತ ಅಲಿಯ ಮೇಲೆ ತೀರಿಸಿಕೊಂಡೆ.

ಸೋಮವಾರ ಸಮುದಾಯ ಭವನದಲ್ಲಿ ಸಭೆ. ಊರ ಜನ, ಪಂಚಾಯಿತಿಯವರು, ಹತ್ತಿರದ ಊರುಗಳಿಂದ ಗುರುಲಿಂಗಮ್ಮನ ಬೀಗರೂ ಒಂದಿಷ್ಟು ಜನ. ಯಾರೂ ಹೇಳದಿದ್ದರೂ ನೀರಿನ ವ್ಯವಸ್ಥೆ ಆಕೆಯದೇ. ಸಾಹೇಬರು ನಕ್ಷೆ ತೂಗುಹಾಕಿ, ಮಡುವಿನ ಹಸಿರು ತೋರಿಸಿ, ಈ ಫಲಿತಾಂಶದ ಬಗ್ಗೆ ತಮಗೇ ಅನುಮಾನವಿದೆ, ಯಾರಿಗಾದರೂ ಏನಾದರೂ ಗೊತ್ತಿದ್ದರೆ ಹೇಳಬಹುದು ಎಂದರು. ಹಿಂದೆ ಕೂತವರು ಗೊಣಗಿದರು. ಕರು ಸತ್ತವರು, ಮೈಗೆ ತುರಿ ಎದ್ದವರು ಒಟ್ಟಿಗೆ ಮಾತಾಡಿದರು. ಆಗ ಪಂಚಾಯಿತಿಯ ಸದಸ್ಯನೊಬ್ಬ ಎದ್ದು ನಿಂತ. ನಾಲೆ ತಿರುಗಿಸುವ ರಗಳೆಯೇ ಬೇಡವಾಗಿತ್ತು ಅವನಿಗೆ. ಇಷ್ಟೆಲ್ಲ ಯಾಕೆ, ಗುರುಲಿಂಗಮ್ಮನ ಮನೆಯಲ್ಲಿ ನಾವೆಲ್ಲ ದಿನಾ ಹೊಳೆಯ ನೀರೇ ಕುಡಿಯುತ್ತೇವಲ್ಲ, ಯಾರಿಗಾದರೂ ಏನಾದರೂ ಆಗಿದೆಯೇ ಎಂದು ಕೇಳಿದ.

ಎಲ್ಲರ ತಲೆ ಆಕೆಯ ಕಡೆ ತಿರುಗಿತು. ಸಾಹೇಬರಿಗೆ ಕೊಡಲು ತುಂಬಿದ ತಂಬಿಗೆ ಆಕೆಯ ಕೈಯಲ್ಲೇ ಇತ್ತು. ನಾನು ನೆಲ ನೋಡಿದೆ. ಆಕೆ ತಂಬಿಗೆಯನ್ನು ಮೇಜಿನ ಮೇಲಿಟ್ಟು, ಗಂಡಸರ ಸಾಲಿನಲ್ಲಿ ಕೂತಿದ್ದ ಅಂಬಾರಾಯರನ್ನು ನೋಡಿ, ಮಡುವ್ಯಾಗಿಂದ ಒಂದ ತಂಬಿಗಿ ತುಂಬಿಕೊಂಡ ಬರ್ರಿ ಅಂದಳು. ಅವರು ಯಾಕೆ ಎಂದು ಕೇಳದೆ ಎದ್ದು ಹೋದರು. ಆಮೇಲೆ ಆಕೆ ಸಭೆಯ ಕಡೆ ತಿರುಗಿದಳು.

“ನಮ್ಮ ಮನಿ ನೀರಿನ ಮಾತ ಬಂತಂತ ಹೇಳ್ತೀನ್ರಿ. ನೀವು ಕುಡೀಲಿಕತ್ತಿದ್ದು ಹೊಳಿ ನೀರಲ್ಲ. ನಮ್ಮ ಕೂಸ ದವಾಖಾನಿ ಸೇರಿದ ಮ್ಯಾಲ ಶಹಾಬಾದಿಂದ ಡಬ್ಬಿ ತರಿಸಿ ರಂಜಣಗ್ಯಾಗ ಹಾಕ್ತೀನಿ. ಹೊಳಿದಂತ ಸುಳ್ಳ ಹೇಳಿ ನಿಮಗೆಲ್ಲಾ ಕುಡಿಸೀನಿ. ಈ ಹುಡುಗನ ಬಾಟ್ಲ್ಯಾಗ ತುಂಬಿ ಕಳಿಸಿದ್ದೂ ಅದಾ ನೀರಾ.”

ಸದಸ್ಯ ನಿಂತವನು ನಿಂತೇ ಇದ್ದ. ಬೀಗರ ಸಾಲಿನಲ್ಲಿ ಒಬ್ಬರು ಕೆಮ್ಮಿದರು. ಮಾತು ಮುಗಿಸಿದ ಗುರುಲಿಂಗಮ್ಮ ಅಲ್ಲೇ ನಿಂತಳು, ಅಂಬಾರಾಯರು ದಂಡೆ ಇಳಿದು ಹತ್ತಿ ಬರುವವರೆಗೂ. ಅವರು ತಂದ ತಂಬಿಗೆಯನ್ನು ತಗೊಂಡು ಸಾಹೇಬರ ಮುಂದೆ ಹಿಡಿದಳು. ವಾಸನೆ ನನ್ನವರೆಗೂ ಬಂತು. ಸಾಹೇಬರು ರೂಢಿಯಂತೆ ಕೈ ಚಾಚಿಬಿಟ್ಟರು.

“ಇದು ನಮ್ಮ ಹೊಳಿದರಿ. ತಂಬಿಗಿ ಮುಂದ ಹಿಡದು ಕುಡೀರಿ ಅನ್ಲಾರದ ನಿಂತದ್ದು ನನ್ನ ಜಲ್ಮದಾಗ ಇದಾ ಮೊದಲ. ಕುಡೀಬ್ಯಾಡ್ರಿ, ಸಾಹೇಬ್ರ.”

ಅಷ್ಟು ಹೇಳಿ ಅತ್ತಳು. ಮೊಮ್ಮಗಳು ದವಾಖಾನೆಯಲ್ಲಿದ್ದಾಗ ಅಳದ ಹೆಂಗಸು ಎಂದು ಆಮೇಲೆ ರಾಜೇಶ್ವರಿ ಹೇಳಿದಳು. ನನಗೂ ಕಣ್ಣು ತುಂಬಿತು, ಮುಚ್ಚಿಡುವುದೇನು. ಸಾಹೇಬರು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ನೋಡಿ, ವರದಿಯ ಪಕ್ಕದಲ್ಲಿಟ್ಟರು. ಮಡುವಿನ ನೀರನ್ನು ಮತ್ತೆ ಬಾಟಲಿಗೆ ತುಂಬಿಸುತ್ತೇನೆ, ಕಾರಣವೆಂದು ಈ ಅವ್ವ ಹೇಳಿದ್ದನ್ನೇ ಹಾಕುತ್ತೇನೆ ಎಂದರು. ಆದರೂ ಯಾರೂ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶೌಕತ ಅಲಿಗೆ ಇಂಥ ಮೌನ ಸಹಿಸಲು ಬರುವುದಿಲ್ಲ.

“ಅವ್ವಾ, ಡಬ್ಬಿದಾದ್ರೂ ಇರ್ಲಿ, ನನಗೊಂದ ತಂಬಿಗಿ ಕೊಡ್ರಿ. ಗಂಟಲ ಒಣಗಿ ಹೋಗ್ಯಾದ.”

ಬೀಗರ ಸಾಲಿನಲ್ಲಿ ಕೆಮ್ಮಿದವರು ಮೊದಲು ನಕ್ಕರು. ಆಮೇಲೆ ತಮಗೂ ಒಂದು ತಂಬಿಗೆ ಇರಲಿ ಅಂದರು. ಅದಾದ ಮೇಲೆ ಸಾಲಾಗಿ ಎಲ್ಲರೂ ಕೇಳಿದರು, ಬಾಯಾರದವರೂ ಕೇಳಿದರು. ಗುರುಲಿಂಗಮ್ಮ ಕಣ್ಣೊರೆಸಿಕೊಂಡು ಒಬ್ಬೊಬ್ಬರಿಗೂ ಕೊಡುತ್ತ ಬಂದಳು. ಎರಡು ಹೊಳೆಯ ಮಾತು ಆ ದಿನ ಆಕೆಯ ಬಾಯಿಂದ ಬರಲಿಲ್ಲ.

ಎರಡನೆಯ ಸಲ ಬಾಟಲಿ ತುಂಬಿದಾಗ ಆಕೆ ಕಾವಲು ನಿಂತ ರೀತಿ ನೋಡಬೇಕಿತ್ತು. ಕೈಯಲ್ಲಿ ಎಮ್ಮೆ ಹೊಡೆಯುವ ಕೋಲು. ಶೌಕತ ಅಲಿಗೆ ಡಬ್ಬದ ಹತ್ತಿರ ಬರಲು ಬಿಡಲಿಲ್ಲ, ಕಲ್ಲಂಗಡಿ ಕೊಡಲಿಲ್ಲ. ನಾನು ಕಟ್ಟೆ ಹತ್ತಿದರೆ ಎಂದೂ ಇಲ್ಲದ್ದು ನನ್ನನ್ನೂ ತಡೆದಳು. ಮೊದಲು ಬಾಟಲಿ ಬರ್ಫಿನೊಳಗೆ ಹೋಗಲಿ, ನಿನ್ನ ನೀರು ಆಮೇಲೆ ಅಂದಳು. ಆ ವರದಿ ಬಂದಾಗ ಸಾಹೇಬರು ಹಸಿರಿನ ಮೇಲೆ ಕೆಂಪು ಬಳಿದರು. ಹೊಲಕ್ಕೆ ಮಾತ್ರ, ಬೇರೆ ಯಾವುದಕ್ಕೂ ಬೇಡ.

ಮಳೆಗಾಲದಲ್ಲೇ ಪಂಪಿನ ಬಾಯಿಯನ್ನು ನಾಲೆ ಕೂಡುವ ಜಾಗಕ್ಕಿಂತ ಮೇಲಕ್ಕೆ ಒಯ್ದರು, ಅಲ್ಲಿ ಎತ್ತಿದ ನೀರನ್ನೂ ಸೋಸಿಯೇ ಮನೆಗಳಿಗೆ ಬಿಡುತ್ತಾರೆ. ಆಮೇಲೆ ಹಳೆಯ ಖಣಿಯ ತಳಕ್ಕೆ ಜೇಡಿಮಣ್ಣು ಬಡಿದು, ಜೊಂಡು ಹುಲ್ಲು ಹಚ್ಚಿ, ಕೊಳಚೆ ನಾಲೆಯನ್ನು ಅದರೊಳಗೆ ತಿರುಗಿಸಿದರು. ಕೆಲಸ ಆಮೆಯ ನಡಿಗೆಯಲ್ಲಿ ನಡೆಯಿತು, ಆದರೆ ನಡೆಯಿತು. ಪ್ರತಿ ಸಲ ಹೋದಾಗ ಗುರುಲಿಂಗಮ್ಮ ಡಬ್ಬಿಯ ನೀರನ್ನೇ ಕೊಡುತ್ತಾಳೆ, ಡಬ್ಬಿದು ಎಂದು ಹೇಳಿಯೇ ಕೊಡುತ್ತಾಳೆ. ಡಬ್ಬಿಗಳು ಈಗ ಪಡಸಾಲೆಯಲ್ಲೇ ಇವೆ. ಬೀಗರು ಬರುವುದು ಕಡಿಮೆಯಾಗಿಲ್ಲ.

ಮೊನ್ನೆ ಹೊಸ ವರದಿ ಹಿಡಿದುಕೊಂಡು ಹೋಗಿದ್ದೆ. ಹೇಳಲು ಮನಸ್ಸಿರಲಿಲ್ಲ. ಕುಡಿಯುವ ದರ್ಜೆ ದೂರ ಉಳಿಯಿತು, ಸ್ನಾನಕ್ಕೂ ಇನ್ನೂ ಬಂದಿರಲಿಲ್ಲ. ಒಂದೇ ಒಂದು ಮೆಟ್ಟಿಲು ಮೇಲೆ ಹತ್ತಿತ್ತು: ಮೀನು ಬದುಕಬಹುದು. ಇಷ್ಟಕ್ಕೇ ಇಷ್ಟು ದಿನ ಹಿಡಿಯಿತಲ್ಲ ಎಂದು ನಾನು ಸಿಟ್ಟಿನಲ್ಲೇ ಹೇಳಿದೆ. ಆಕೆ ಕೈ ಹಣೆಗೆ ಅಡ್ಡ ಹಿಡಿದು ಮಡುವಿನ ಕಡೆ ನೋಡಿದಳು. ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು, ಮರಿ ಮೀನು ಬಾಯಿ ಹಚ್ಚಿದರೆ ಏಳುವಂಥವು.

“ಊಟದ ಮೊದಲನೇ ಪಂಗತಿ ಮೀನಿಂದು ಆತು ಬಿಡು, ತಮ್ಮಾ. ನಾ ಮನಿಯಾಕಿ, ಎಲ್ಲಾರದೂ ಆದ ಮ್ಯಾಲ ಕುಂದ್ರಾಕಿ.”

ಹಾಗೆಂದು ಒಳಗೆ ಹೋಗಿ ಡಬ್ಬಿ ನೀರಿನ ತಂಬಿಗೆ ತಂದು ನನ್ನ ಕೈಗಿಟ್ಟಳು. ಬಿಸಿಲು ಬಹಳವಿತ್ತು, ಗಟಗಟ ಕುಡಿದೆ.